ಕರಡಿ ಅಂಕಲ್ ನಾನೇ

ಈ ಚೀಲದಲ್ಲಿ ಇರುವುದು ಕರಡಿಯ ತಲೆ. ಬರೀ ತಲೆ. ಮೈ ಇನ್ನೊಂದು ಚೀಲದಲ್ಲಿದೆ. ಅದನ್ನು ಅಕ್ಕ ತಬ್ಬಿಕೊಂಡು ಕೂತಿದ್ದಾಳೆ, ಅದಕ್ಕೇ ವಿಡಿಯೋದಲ್ಲಿ ಅವಳ ಮುಖ ಕಾಣಿಸುತ್ತಿಲ್ಲ. ಚಿಕ್ಕಪೇಟೆಯಿಂದ ಬನಶಂಕರಿಗೆ ಆಟೋ. ಮೆಟ್ರೋ ಹಸಿರು ಮಾರ್ಗದಲ್ಲಿ ನೇರ ಬರಬಹುದಿತ್ತು. ಆದರೆ ಶನಿವಾರದ ಆ ನೂಕುನುಗ್ಗಲಿನಲ್ಲಿ ಈ ತಲೆ ಹೊತ್ತು ನಿಲ್ಲುವ ಧೈರ್ಯ ಬರಲಿಲ್ಲ.

ಅಕ್ಕನ ಮಗಳು ಪುಟ್ಟಿಗೆ ಐದು ವರ್ಷ ತುಂಬಿತು. ಅವಳಿಗೆ ಕರಡಿ ಬೇಕು. ಒಂದು ಪಾರ್ಕಿನಲ್ಲಿ ಕರಡಿ ವೇಷದವರನ್ನು ಅಪ್ಪಿಕೊಂಡಿದ್ದಳು, ಅವತ್ತಿನಿಂದ ಅದೇ ಜಪ. ವೇಷದ ಜೊತೆ ಆಳನ್ನೂ ಕಳಿಸುವವರು ಕೇಳಿದ ದುಡ್ಡು ನಮಗೆ ಜಾಸ್ತಿ ಆಯಿತು. ವೇಷ ಮಾತ್ರ ತರೋಣ, ನಾನೇ ಹಾಕಿಕೊಳ್ಳುತ್ತೇನೆ ಅಂದೆ. ಬಾಡಿಗೆ 1,200 ರೂಪಾಯಿ, ಡೆಪಾಸಿಟ್ 2,000. ಈ 2,000 ನೆನಪಿಟ್ಟುಕೊಳ್ಳಿ.

ಅಂಗಡಿಯವರು ಕೇಳಿದ ಮೊದಲ ಪ್ರಶ್ನೆ, ಹಾಕಿಕೊಳ್ಳುವವರು ಯಾರು ಅಂತ. ನಾನೇ ಅಂದೆ. "ಮನೆಯಲ್ಲಿ ಗಂಡಸರು ಯಾರೂ ಇಲ್ವಾ ಮೇಡಂ?" ಇದ್ದಾರೆ. ನಮ್ಮ ಭಾವ ಇದ್ದಾರೆ, ಆರು ಅಡಿ. ಅವರು ಹಾಕಿಕೊಂಡರೆ ಕರಡಿಯ ಕಾಲು ಅವರ ಮೊಣಕಾಲಿಗೇ ಮುಗಿಯುತ್ತದೆ. ಈ ವೇಷ ಹೊಲಿದಿರುವುದೇ ಐದು ಅಡಿಯವರಿಗೆ. ನಾನು ಸರಿಯಾಗಿ ಐದು ಅಡಿ. ನೋಡಿ, ಎಷ್ಟು ಚೆನ್ನಾಗಿ ಕೂತಿದೆ.

ಡಿಸ್ನಿ ಪಾರ್ಕುಗಳಲ್ಲೂ ಇದೇ ಲೆಕ್ಕ. ಮಿಕ್ಕಿ ಮೌಸ್ ಹುಡುಗ, ಅಲ್ವಾ? ಆದರೆ ಮಿಕ್ಕಿ ವೇಷದೊಳಗೆ ಎಷ್ಟೋ ಸಲ ಇರುವುದು ಹೆಂಗಸರು. ಆ ವೇಷಕ್ಕೆ ಬೇಕಾದ ಎತ್ತರ 4 ಅಡಿ 8 ಇಂಚಿನಿಂದ 5 ಅಡಿ 2 ಇಂಚಿನ ಆಸುಪಾಸು. ಅಷ್ಟು ಎತ್ತರದ ದೊಡ್ಡವರನ್ನು ಹುಡುಕಿದರೆ ಹೆಂಗಸರೇ ಜಾಸ್ತಿ ಸಿಗುತ್ತಾರೆ. ಮಿಕ್ಕಿಯ ಗೆಳೆಯ, ನಾಯಿಯ ಪಾತ್ರ ಗೂಫಿ ಉದ್ದದವನು, ಅವನೊಳಗೆ ಹೆಚ್ಚಾಗಿ ಗಂಡಸರು. ಗಂಡೋ ಹೆಣ್ಣೋ ಅನ್ನುವುದಕ್ಕಿಂತ ಮೊದಲು ಅಳತೆಯ ಟೇಪು ಬರುತ್ತದೆ. ಅಲ್ಲಿ ಕೆಲಸ ಮಾಡುವವರು "ನಾನು ಮಿಕ್ಕಿ" ಅನ್ನುವುದಿಲ್ಲವಂತೆ, "ನಾನು ಮಿಕ್ಕಿಯ ಫ್ರೆಂಡ್" ಅನ್ನುತ್ತಾರಂತೆ. ನನಗೆ ಈ ಮಾತು ತುಂಬಾ ಇಷ್ಟ. ಇವತ್ತಿಗೆ ನಾನು ಕರಡಿಯ ಫ್ರೆಂಡ್.

ಇದು ನಮ್ಮ ಅಪಾರ್ಟ್‌ಮೆಂಟಿನ ಟೆರೇಸು. ಬಲೂನು ಕಟ್ಟಿದ್ದು ಭಾವ. ಈಗ ನಾನು ಒಳಗಿದ್ದೇನೆ. ಕರಡಿಯ ಕಣ್ಣಿನಿಂದ ಏನೂ ಕಾಣುವುದಿಲ್ಲ. ಬಾಯಿಯ ಹತ್ತಿರ ಒಂದು ಕಪ್ಪು ಜಾಲರಿ ಇದೆ, ನೋಡುವುದು ಅಲ್ಲಿಂದಲೇ. ಕೆಳಗೆ ನೋಡಿದರೆ ಹೊಟ್ಟೆ, ಅದರಾಚೆಗೆ ಏನೂ ಇಲ್ಲ. ಮಕ್ಕಳು ಹತ್ತಿರ ಬಂದಷ್ಟೂ ಕಾಣಿಸುವುದಿಲ್ಲ. ತಲೆಯಲ್ಲಿ ಒಂದು ಪುಟ್ಟ ಫ್ಯಾನ್ ಇತ್ತು, ಹತ್ತೇ ನಿಮಿಷಕ್ಕೆ ನಿಂತಿತು. ಏಪ್ರಿಲ್ ಸಂಜೆ. ಬೆವರು ಕಣ್ಣಿಗೆ ಇಳಿಯುತ್ತಿದೆ, ಒರೆಸಿಕೊಳ್ಳಲು ಕೈ ಒಳಗೆ ಹೋಗುವುದಿಲ್ಲ.

ಎಲ್ಲರೂ ಕರೆಯುತ್ತಿರುವುದು ಕೇಳಿಸಿತಾ? ಕರಡಿ ಅಂಕಲ್. ಒಂದು ಮಗುವೂ ಆಂಟಿ ಅನ್ನಲಿಲ್ಲ. ಮಕ್ಕಳನ್ನು ಬಿಡಿ, ದೊಡ್ಡವರೂ ಅಷ್ಟೇ. "ಬಾರಯ್ಯ, ಒಂದು ಫೋಟೋ" ಅಂತ ಹೆಗಲ ಮೇಲೆ ಕೈ. ಈಗ ಬರುತ್ತದೆ ನೋಡಿ. ಈ ಬಿಳಿ ಶರ್ಟಿನವರು. ಅವರ ಮುಖ ಮಸುಕು ಮಾಡಿದ್ದೇನೆ. ಬೆನ್ನಿಗೆ ಒಂದು ಗುದ್ದು. ತಮಾಷೆಗೇ ಗುದ್ದಿದ್ದು, ಸರಿ. ಆದರೆ ಬೆನ್ನಿನಲ್ಲಿ ಜಿಪ್ ಇದೆ. ಅದು ಒತ್ತಿ ಚರ್ಮ ಕಿತ್ತುಬಂತು. ಮಾತಾಡಬಾರದು ಅಂತ ನಾನೇ ಮಾಡಿಕೊಂಡ ನಿಯಮ. ಪುಟ್ಟಿ ಎದುರಿಗೇ ನಿಂತಿದ್ದಳು. ಸುಮ್ನೆ ಕೈ ಬೀಸಿದೆ.

ಆಮೇಲೆ ನೀರಿನ ಟ್ಯಾಂಕಿನ ಹಿಂದೆ ಹೋಗಿ ತಲೆ ತೆಗೆದೆ. ಅವರು ಅಲ್ಲಿಗೆ ಬಂದುಬಿಟ್ಟರು. ನನ್ನ ಮುಖ ನೋಡಿ ಅವರ ಮುಖ ಇಳಿದುಹೋಯಿತು. "ಅಯ್ಯೋ, ಹೆಣ್ಣುಮಗಳು ಅಂತ ಗೊತ್ತಿರಲಿಲ್ಲಮ್ಮ, ಕ್ಷಮಿಸು." ಪಾಪ, ಮನಸ್ಸಿನಿಂದಲೇ ಕೇಳಿದರು. ಆದರೆ ಗಂಡಸಾಗಿದ್ದರೆ ಗುದ್ದಬಹುದಿತ್ತಾ? ದಿನಕ್ಕೆ ಇಷ್ಟು ಅಂತ ದುಡಿಯಲು ಬಂದ ಒಬ್ಬ ಹುಡುಗ ಒಳಗಿದ್ದಿದ್ದರೆ ಅವನ ಬೆನ್ನಿಗೆ ನೋವಾಗುವುದಿಲ್ಲವಾ? ಈ ಮಾತು ಅವರಿಗೆ ಹೇಳಲಿಲ್ಲ. ಹೇಳಬೇಕಿತ್ತು.

ಅವತ್ತು ರಾತ್ರಿ ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ. ವೇಷದ ಎದೆ ಮೇಲೆ ಒಂದು ಬೋರ್ಡು ಹಾಕಬೇಕು, ಒಳಗೆ ಇರುವುದು ಹೆಂಗಸೋ ಗಂಡಸೋ ಅಂತ ಎಲ್ಲರಿಗೂ ಗೊತ್ತಾಗಲಿ ಅಂತ. ಕ್ಯಾಮೆರಾ ಮುಂದೆ ಹೇಳಿಯೂ ಬಿಟ್ಟೆ. ಆ ಭಾಗ ಕತ್ತರಿಸಿದ್ದೇನೆ. ಯಾಕೆ ಅಂತ ಹೇಳುತ್ತೇನೆ.

ಭಾನುವಾರ, ವಾಪಸ್ ಕೊಡುವ ದಿನ. ತಿಗಳರಪೇಟೆ ಕಡೆಯಿಂದ ಹೋಗುತ್ತಿದ್ದೇವೆ. ಅಲ್ಲಿ ಒಳಗೆ ಧರ್ಮರಾಯಸ್ವಾಮಿ ದೇವಸ್ಥಾನ. ಚೈತ್ರ ಹುಣ್ಣಿಮೆ ರಾತ್ರಿ ಇಲ್ಲಿಂದಲೇ ಕರಗ ಹೊರಡುವುದು. ಕರಗ ಹೊರುವವರು ಗಂಡಸು. ಬಳೆ ತೊಟ್ಟು, ಹೂ ಮುಡಿದು, ದ್ರೌಪದಮ್ಮನಾಗಿ ಬರುತ್ತಾರೆ. ಇಡೀ ಪೇಟೆ ನಿದ್ದೆಗೆಟ್ಟು ಮಲ್ಲಿಗೆ ಎರಚುತ್ತದೆ. ಅದು ಭಕ್ತಿ, ಇದು ಬರ್ತ್‌ಡೇ, ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಆದರೆ ವೇಷದ ಒಳಗೆ ಇರುವವರು ಗಂಡು, ಬಂದಿರುವುದು ಹೆಣ್ಣು ಅಂದರೆ ನಮ್ಮ ಊರಿಗೆ ಅರ್ಥ ಆಗುತ್ತದೆ. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದವರಿಗೂ ಅಷ್ಟೇ. ಹೆಣ್ಣು ಗಂಡಾಗಿ ಬಂದಾಗ ಮಾತ್ರ "ಮನೆಯಲ್ಲಿ ಗಂಡಸರು ಇಲ್ವಾ" ಅಂತ ಕೇಳುತ್ತಾರೆ. ಆಟೋ ನಿಂತಿತು, ಇಳಿಯೋಣ.

ಡೆಪಾಸಿಟ್. 2,000 ಕೊಟ್ಟಿದ್ದೆ, ವಾಪಸ್ ಬಂದದ್ದು 1,500. ಯಾಕೆ? ತಲೆಯ ಒಳಗಿನ ಬಟ್ಟೆಗೆ ಕಾಡಿಗೆ ಕಲೆ ಆಗಿದೆಯಂತೆ. ಕ್ಯಾಮೆರಾ ಹತ್ತಿರ ಹಿಡಿದಿದ್ದೇನೆ, ನೀವೇ ನೋಡಿ. ಇಲ್ಲಿ ಎರಡು ಕಪ್ಪು ಚುಕ್ಕೆ ಇದೆ. ಅದು ನನ್ನದೇ, ಒಪ್ಪುತ್ತೇನೆ. ಸುತ್ತ ಈ ಕಂದು ಬಣ್ಣ? ಅದು ನನಗಿಂತ ಮುಂಚೆ ಹಾಕಿಕೊಂಡವರ ಬೆವರು. ಎಷ್ಟು ಜನರದೋ. ಹೊರಗಿನ ತುಪ್ಪಳ ಪಳಪಳ ಅನ್ನುತ್ತದೆ, ಒಳಗಿನ ಬಟ್ಟೆಯನ್ನು ಒಂದು ಸಲವೂ ಒಗೆದಿಲ್ಲ. ಆ ಬೆವರಿಗೆ ಯಾರ ಡೆಪಾಸಿಟ್ಟೂ ಹಿಡಿದಿಲ್ಲವಂತೆ, ಕೇಳಿದೆ. "ಬೆವರು ಮಾಮೂಲು ಮೇಡಂ. ಹೆಂಗಸರು ಹಾಕಿಕೊಂಡರೆ ಇದೊಂದು ತೊಂದರೆ" ಅಂದರು. ಐನೂರು ರೂಪಾಯಿಗಿಂತ ಈ ಮಾತು ಚುಚ್ಚಿತು. ಕಾಡಿಗೆಯನ್ನು ಸೋಪು ಹಾಕಿ ಉಜ್ಜಿದರೆ ಹೋಗುತ್ತದೆ. ನಾನೇ ಒಗೆದು ಕೊಡುತ್ತೇನೆ ಅಂದೆ. ಬೇಡ ಅಂದರು. ಅರ್ಧ ಗಂಟೆ ವಾದ ಮಾಡಿದೆ, ಐವತ್ತು ರೂಪಾಯಿಯನ್ನೂ ಬಿಡಲಿಲ್ಲ.

ಒಳಗಿನ ಬಟ್ಟೆಯ ವಿಷಯ ಸಣ್ಣದಲ್ಲ. ಫ್ಲೋರಿಡಾದ ಡಿಸ್ನಿ ಪಾರ್ಕಿನಲ್ಲಿ ವೇಷದವರು ತಮ್ಮ ಕಾರ್ಮಿಕ ಸಂಘದ ಮೂಲಕ 2001ರಲ್ಲಿ ಕೇಳಿ ಪಡೆದದ್ದು ಏನು ಗೊತ್ತಾ? ಪ್ರತಿಯೊಬ್ಬರಿಗೂ ಅವರದೇ ಒಳಉಡುಪು. ಅಲ್ಲಿಯವರೆಗೆ ಇವತ್ತು ಒಬ್ಬರು ಹಾಕಿದ್ದನ್ನು ಒಗೆದು ನಾಳೆ ಇನ್ನೊಬ್ಬರಿಗೆ ಕೊಡುತ್ತಿದ್ದರು. ಹೇನು, ಕಜ್ಜಿ ಅಂಟುತ್ತಿದೆ ಅನ್ನುವ ದೂರು ಇತ್ತು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಶುರುವಾದದ್ದು 1955ರಲ್ಲಿ. ಅಲ್ಲಿಯ ವೇಷದವರು, ಮೆರವಣಿಗೆಯವರು ಮತ ಹಾಕಿ ನಟರ ಸಂಘಕ್ಕೆ ಸೇರಿದ್ದು 2024ರಲ್ಲಿ. ಎಷ್ಟು ವರ್ಷ ಆಯಿತು, ಲೆಕ್ಕ ಹಾಕಿ.

ನಾನು ವಾದ ಮಾಡುತ್ತಿದ್ದಾಗ ಪಕ್ಕದಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಅವಳನ್ನು ತೋರಿಸುವುದಿಲ್ಲ, ಬೇಡ ಅಂದಳು. ಮೊಲದ ವೇಷ ವಾಪಸ್ ಕೊಡಲು ಬಂದಿದ್ದಳು. ಕಾಲೇಜು ಓದುತ್ತಾಳೆ. ಶನಿವಾರ ಭಾನುವಾರ ಮಾಲ್‌ಗಳಲ್ಲಿ ಮೊಲ, ಪಾಂಡಾ, ಯಾವುದು ಸಿಕ್ಕಿದರೆ ಅದು. ನನ್ನ ಬೋರ್ಡಿನ ಯೋಚನೆ ಅವಳಿಗೆ ಹೇಳಿದೆ. ಅವಳು ಬೇಡವೇ ಬೇಡ ಅಂತ ತಲೆ ಅಲ್ಲಾಡಿಸಿದಳು. "ಅಣ್ಣಾ ಅಂತ ಕರೆದರೆ ನನಗೆ ನೆಮ್ಮದಿ ಅಕ್ಕಾ. ಆಗ ಬೀಳುವುದು ಏಟು ಮಾತ್ರ. ಹುಡುಗಿ ಅಂತ ಗೊತ್ತಾದರೆ ಕೈ ಎಲ್ಲೆಲ್ಲಿಗೋ ಬರುತ್ತದೆ. ತುಪ್ಪಳ ದಪ್ಪ ಇದೆ, ಗೊತ್ತಾಗಲ್ಲ ಅಂದುಕೊಳ್ಳುತ್ತಾರೆ. ಎಲ್ಲಾ ಗೊತ್ತಾಗುತ್ತದೆ."

ನಾನು ಬೋರ್ಡಿನ ಮಾತು ಅಲ್ಲಿಗೇ ಬಿಟ್ಟೆ. ಬೇಕಾಗಿರುವುದು ಬೋರ್ಡಲ್ಲ. ಪಕ್ಕದಲ್ಲಿ ಒಬ್ಬರು ನಿಲ್ಲಬೇಕು, ವೇಷ ಇಲ್ಲದವರು, ಗುದ್ದಬೇಡಿ ಅಂತ ಬಾಯಿ ಬಿಟ್ಟು ಹೇಳುವವರು. ದೊಡ್ಡ ಪಾರ್ಕುಗಳಲ್ಲಿ ಇರುತ್ತಾರೆ. ಅವಳ ಜೊತೆ ಯಾರೂ ಇರುವುದಿಲ್ಲವಂತೆ. ಮಾತಾಡಲೂ ಬಿಡುವುದಿಲ್ಲ. ನೀರು ಬೇಕು ಅಂದರೂ ಸನ್ನೆ ಮಾಡಬೇಕು.

ಹೊರಡುವಾಗ ಅವಳು ಹೇಳಿಕೊಟ್ಟದ್ದನ್ನು ನಿಮಗೂ ಹೇಳುತ್ತೇನೆ. ತಲೆಗೆ ಹತ್ತಿಯ ದುಪಟ್ಟಾ ಬಿಗಿಯಾಗಿ ಸುತ್ತಿಕೊಳ್ಳಿ, ಹಣೆಯ ಬೆವರು ಅದೇ ಕುಡಿಯುತ್ತದೆ. ಬೆನ್ನಿನ ಜಿಪ್ಪಿಗೆ ಒಳಗಡೆಯಿಂದ ಒಂದು ಟವೆಲ್ ಮಡಚಿ ಇಟ್ಟುಕೊಳ್ಳಿ. ಫ್ಯಾನಿಗೆ ಹೊಸ ಸೆಲ್ ನೀವೇ ತನ್ನಿ. ಕಾಡಿಗೆ ಹಚ್ಚಬೇಡಿ.

ಇದು ಕೊನೆಯ ಶಾಟ್, ಮನೆಯಲ್ಲಿ. ಪುಟ್ಟಿ ನನ್ನ ಬೆನ್ನಿನ ಗಾಯ ನೋಡುತ್ತಿದ್ದಾಳೆ. ಏನಾಯಿತು ಚಿಕ್ಕಮ್ಮಾ ಅಂತ ಕೇಳುತ್ತಿದ್ದಾಳೆ. ಬಾಗಿಲು ತಾಗಿತು ಅಂದೆ. ಅವಳ ಕರಡಿ ಎಲ್ಲಿ ಹೋಯಿತು ಅಂತ ಕೇಳಿದಳು. ಚಿಕ್ಕಪೇಟೆಗೆ ಹೋಯಿತು ಅಂದೆ.