ಡಿಸ್ನಿ ಟಿಕೆಟ್‌ನಲ್ಲಿ ಉಳಿದ ದಿನಗಳನ್ನ ಇನ್ನೂ ಯಾಕೆ ಕೂಡಿಟ್ಟಿದ್ದೀರಿ?

ನಮಸ್ಕಾರ. ಇವತ್ತು ಒಂದು ಸಣ್ಣ ಜಗಳ ತೆಗೀತೀನಿ. ಯಾರ ಜೊತೆ ಅಂದ್ರೆ, ಅಮೆರಿಕಕ್ಕೆ ಬಂದು ಇಪ್ಪತ್ತು ಇಪ್ಪತ್ತೈದು ವರ್ಷ ಆಗಿರೋ ನಮ್ಮ ಜನರ ಜೊತೆ. ಹಳೇ ಪಾಸ್‌ಪೋರ್ಟು, ಮಕ್ಕಳ ಲಸಿಕೆ ಕಾರ್ಡು, ಮೊದಲ ಕಾರಿನ ಕಾಗದ ಎಲ್ಲ ಇರೋ ಫೈಲಿನಲ್ಲೇ ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನ ಒಂದು ಟಿಕೆಟ್ಟನ್ನೂ ಜೋಪಾನವಾಗಿ ಇಟ್ಟುಕೊಂಡಿರ್ತೀರಲ್ಲ, ನಿಮ್ಮ ಜೊತೆ. ಕೇಳಿದ್ರೆ ಉತ್ತರ ರೆಡಿ ಇರುತ್ತೆ: "ಅದರಲ್ಲಿ ಇನ್ನೂ ಎರಡು ದಿನ ಬಾಕಿ ಇದೆ. ಎಕ್ಸ್‌ಪೈರ್ ಆಗಲ್ಲ." ಹೇಳುವಾಗ ಮುಖದಲ್ಲಿ ಸೈಟು ಕೊಂಡವರ ಕಳೆ.

ಆ ದಿನಗಳು ನಿಜವಾಗ್ಲೂ ಬಾಕಿ ಇವೆ, ಅದರಲ್ಲಿ ಸುಳ್ಳಿಲ್ಲ. ಆದರೆ ಅದನ್ನ ನೀವು ಇಟ್ಟುಕೊಂಡಿರೋ ರೀತಿ ತಪ್ಪು ಅನ್ನೋದು ನನ್ನ ವಾದ. ಅದು ಬೆಳೆಯೋ ಆಸ್ತಿ ಅಲ್ಲ. ಆದಷ್ಟು ಬೇಗ, ಯಾವುದಾದ್ರೂ ಸಾಧಾರಣ ಸಂಜೆಗೆ, ಲೆಕ್ಕ ಹಾಕದೆ ಖರ್ಚು ಮಾಡಿಬಿಡಬೇಕಾದ ವಸ್ತು.

ಮೊದಲು, ಇಷ್ಟೊಂದು ಜನರ ಹತ್ರ ಉಳಿದ ದಿನಗಳು ಬಂದಿದ್ದಾದ್ರೂ ಹೇಗೆ? 2005ಕ್ಕೆ ಮುಂಚೆ ಪಾರ್ಕ್ ಹಾಪರ್ ಅಂತ, ಒಂದೇ ದಿನ ಅಲ್ಲಿನ ಒಂದು ಪಾರ್ಕಿನಿಂದ ಇನ್ನೊಂದಕ್ಕೆ ಹೋಗಬಹುದಾದ ನಾಲ್ಕು ದಿನದ, ಐದು ದಿನದ ಟಿಕೆಟ್ ಮಾರ್ತಿದ್ರು. ಬಳಸದ ದಿನಗಳಿಗೆ ಗಡುವೇ ಇರಲಿಲ್ಲ. ಮೂರು ದಿನ ಸುತ್ತಿ ಕಾಲು ನೋವು ಬಂತು, ಮಗುವಿಗೆ ಜ್ವರ ಬಂತು, ಮಳೆ ಹಿಡೀತು, ವಾಪಸ್ ಬಂದ್ರು. ಉಳಿದ ದಿನ ಉಳಿದೇ ಇತ್ತು. 2005ರ ಜನವರಿಯಲ್ಲಿ ಮ್ಯಾಜಿಕ್ ಯುವರ್ ವೇ ಅನ್ನೋ ಹೊಸ ಪದ್ಧತಿ ಬಂತು. ಒಂದು ದಿನಕ್ಕೆ ಹೆಚ್ಚುಕಡಿಮೆ 60 ಡಾಲರ್, ಹತ್ತು ದಿನಕ್ಕೆ 200ರ ಮೇಲೆ ಸ್ವಲ್ಪ. ನಾಲ್ಕನೇ ದಿನ ದಾಟಿದ ಮೇಲೆ ಒಂದೊಂದು ದಿನ ಸೇರಿಸೋಕೆ ಕೆಲವೇ ಡಾಲರ್. ಆದರೆ ಮೊದಲ ಸಲ ಬಳಸಿದ 14 ದಿನಕ್ಕೆ ಟಿಕೆಟ್ ಸತ್ತುಹೋಗ್ತಿತ್ತು. ಬೇಡ ಅಂದ್ರೆ 'ನೋ ಎಕ್ಸ್‌ಪಿರೇಶನ್' ಅಂತ ಬೇರೆ ದುಡ್ಡು ಕೊಟ್ಟು ಅದಕ್ಕೆ ಅಮರತ್ವ ಕೊಡಿಸಬೇಕಿತ್ತು. ಹತ್ತು ದಿನ ಇಷ್ಟು ಅಗ್ಗಕ್ಕೆ ಸಿಗುವಾಗ ನಮ್ಮೋರು ಬಿಡ್ತಾರಾ? ಹತ್ತು ದಿನದ್ದನ್ನೇ ತಗೊಂಡು, ಅಮರತ್ವಾನೂ ಸೇರಿಸಿ, ನಾಲ್ಕು ದಿನ ಸುತ್ತಿ ಆರು ದಿನ ಉಳಿಸಿಕೊಂಡು ಬಂದ್ರು. 2015ರಲ್ಲಿ ಕಂಪನಿ ಆ ಆಯ್ಕೆಯನ್ನೇ ಕಿತ್ತುಹಾಕ್ತು. 2018ರ ಅಕ್ಟೋಬರ್‌ನಿಂದ ಟಿಕೆಟ್ ಬೆಲೆ ಯಾವ ದಿನಾಂಕಕ್ಕೆ ಹೋಗ್ತೀರಿ ಅನ್ನೋದರ ಮೇಲೆ.

"ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಅಂತ ಗಾದೆ ಇದೆಯಲ್ಲ, ಹಳೇ ಟಿಕೆಟ್ ಇಟ್ಟುಕೊಂಡಿರೋರಿಗೆ ತಾವು ಈರಭದ್ರ, ಡಿಸ್ನಿ ಕೋಡಂಗಿ ಅಂತ ಅನ್ಸುತ್ತೆ. ಸ್ವಲ್ಪ ತಾಳಿ. ಡಿಸ್ನಿಯ ವಾರ್ಷಿಕ ವರದಿಗಳಲ್ಲಿ ಇದರ ಲೆಕ್ಕ ಹೇಗೆ ಅಂತ ಬರೆದಿತ್ತು: ಗಡುವಿಲ್ಲದ ಬಹುದಿನದ ಟಿಕೆಟ್‌ಗಳ ಆದಾಯವನ್ನ, ಜನ ಹಿಂದೆ ಹೇಗೆ ಬಳಸಿದ್ದಾರೆ ಅನ್ನೋ ಅಂದಾಜಿನ ಮೇಲೆ ಹಂಚಿ ಬರೆದುಕೊಳ್ತಿದ್ರು. ಅಂದ್ರೆ ಎಷ್ಟು ಜನ ವಾಪಸ್ ಬರಲ್ಲ ಅನ್ನೋ ಊಹೆ ಆ ಲೆಕ್ಕದ ಒಳಗೇ ಇತ್ತು. ನಿಮ್ಮ ಆಲಸ್ಯಕ್ಕೂ ಅವರ ಪುಸ್ತಕದಲ್ಲಿ ಒಂದು ಸಾಲು. ಈಗ ಯಾರು ಈರಭದ್ರ?

ಸರಿ, ಮೊದಲು ನಿಮ್ಮ ಕೈಲಿರೋ ಟಿಕೆಟ್‌ಗೆ ಜೀವ ಇದೆಯಾ ನೋಡಿಕೊಳ್ಳಿ. 2005ಕ್ಕೆ ಮುಂಚಿನ ಪಾರ್ಕ್ ಹಾಪರ್ ಆದ್ರೆ ಇದೆ. ಆಮೇಲಿನದ್ದಾಗಿ, ನೋ ಎಕ್ಸ್‌ಪಿರೇಶನ್ ಸೇರಿಸಿದ್ರೆ ಇದೆ. ಸೇರಿಸದೆ ಎರಡು ದಿನ ಬಳಸಿ ಬಿಟ್ಟಿದ್ರೆ ಉಳಿದ ದಿನ ಎಲ್ಲ ಹೋಯ್ತು, ಅದಕ್ಕೆ ಅಳೋದು ಬೇಡ. ಹಳೇ 'ಲೆಂತ್ ಆಫ್ ಸ್ಟೇ' ಪಾಸ್ ಇದ್ದೋರು ಸುಮ್ಮನೆ ಆಲ್ಬಮ್‌ಗೆ ಅಂಟಿಸಿಕೊಳ್ಳಿ, ಅದು ಹೋಟೆಲ್ ವಾಸ ಮುಗಿದ ದಿನವೇ ಮುಗಿದಿತ್ತು. ಒಂದು ದಿನಾನೂ ಬಳಸದೆ ಗಡುವು ಮುಗಿದಿರೋ ಟಿಕೆಟ್ ಮಾತ್ರ ಬೇರೆ ಜಾತಿ. ಅದಕ್ಕೆ ಅವತ್ತು ಕೊಟ್ಟ ದುಡ್ಡು ಹೊಸ ಟಿಕೆಟ್‌ನ ಬೆಲೆಯಲ್ಲಿ ಕಳೆಯುತ್ತೆ, ವ್ಯತ್ಯಾಸ ನೀವು ಕೊಡಬೇಕು. ನಗದು ಯಾರೂ ವಾಪಸ್ ಕೊಡಲ್ಲ.

ಈಗ ಜಗಳದ ಮುಖ್ಯ ಭಾಗಕ್ಕೆ ಬರ್ತೀನಿ. ಈ ಉಳಿದ ದಿನದ ಬೆಲೆ ಎಷ್ಟು?

ಎಲ್ಲರೂ ಹೇಳೋ ಉತ್ತರ, ಇವತ್ತಿನ ಒಂದು ದಿನದ ಟಿಕೆಟ್ ಬೆಲೆ ಎಷ್ಟೋ ಅಷ್ಟು. ಕ್ರಿಸ್‌ಮಸ್ ವಾರದಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ಗೆ ಒಬ್ಬರಿಗೆ ಒಂದು ದಿನಕ್ಕೆ ಸುಮಾರು 200 ಡಾಲರ್. ಹಾಗಾಗಿ ನಾಲ್ಕು ಜನರ ಎರಡೆರಡು ದಿನ ಉಳಿದಿದ್ರೆ 1600 ಡಾಲರ್ ಡ್ರಾಯರ್‌ನಲ್ಲಿ ಇದೆ ಅಂತ ಮನಸ್ಸಲ್ಲೇ ಗುಣಿಸಿ ಖುಷಿ ಪಡ್ತಾರೆ. ತಪ್ಪು ಲೆಕ್ಕ. ಡಿಸ್ನಿಯ ಬಹುದಿನದ ಟಿಕೆಟ್‌ನಲ್ಲಿ ಈಗಲೂ ದಿನ ಹೆಚ್ಚಾದಂತೆ ದಿನಕ್ಕೆ ಬೀಳೋ ಬೆಲೆ ಇಳೀತಾ ಹೋಗುತ್ತೆ. ನೀವು ಹೇಗೂ ಐದು ದಿನದ ಪ್ರವಾಸ ಹಾಕಿದ್ದೀರಿ, ಒಂದು ಹಳೇ ದಿನ ಇದೆ ಅಂತ ನಾಲ್ಕು ದಿನದ್ದು ಕೊಳ್ತೀರಿ ಅಂದ್ಕೊಳ್ಳಿ. ಆಗ ನಿಮಗೆ ಉಳಿಯೋದು 200 ಅಲ್ಲ, ನಾಲ್ಕು ದಿನದ ಬೆಲೆಗೂ ಐದು ದಿನದ ಬೆಲೆಗೂ ಇರೋ ವ್ಯತ್ಯಾಸ ಅಷ್ಟೇ. ಅದು ಒಂಟಿ ದಿನದ ಬೆಲೆಯ ಹತ್ತಿರಕ್ಕೂ ಬರಲ್ಲ.

ಅದೇ ದಿನ ಒಂಟಿಯಾಗಿ ನಿಂತಾಗ ನೋಡಿ. ಒರ್ಲಾಂಡೋದ ಕನ್ವೆನ್ಷನ್ ಸೆಂಟರ್‌ಗೆ ಆಫೀಸ್ ಕೆಲಸದ ಮೇಲೆ ಹೋಗಿದ್ದೀರಿ, ಗುರುವಾರ ನಾಲ್ಕು ಗಂಟೆಗೆ ಮೀಟಿಂಗ್ ಮುಗೀತು. ಅಥವಾ ಪೋರ್ಟ್ ಕೆನಾವರಲ್‌ನಿಂದ ನಾಳೆ ಕ್ರೂಸ್ ಹತ್ತಬೇಕು, ಇವತ್ತು ಮಧ್ಯಾಹ್ನವೇ ಬಂದಿಳಿದಿದ್ದೀರಿ. ಟ್ಯಾಂಪಾದಲ್ಲಿರೋ ತಂಗಿ ಮನೆಗೆ ಹೋದಾಗಲೂ ಅಷ್ಟೇ. ಅವತ್ತು ಹೊಸ ಟಿಕೆಟ್ ಕೊಳ್ಳೋ ಹುಚ್ಚು ಯಾರಿಗೂ ಬರಲ್ಲ, ಮೂರು ಗಂಟೆಗೋಸ್ಕರ ನೂರೈವತ್ತು ಡಾಲರ್ ಕೊಡೋಕೆ ಕೈ ಬರಲ್ಲ. ಅಲ್ಲೇ ಹಳೇ ದಿನದ ಪೂರ್ತಿ ಬೆಲೆ ಇರೋದು. ದುಡ್ಡು ಕೊಟ್ಟವನಿಗೆ ಬೆಳಿಗ್ಗೆ ಏಳಕ್ಕೆ ಎದ್ದು ಗೇಟಲ್ಲಿ ನಿಲ್ಲೋ ಹಟ, ಹನ್ನೆರಡು ರೈಡ್ ಮುಗಿಸದಿದ್ರೆ ಮೋಸ ಹೋದ ಭಾವನೆ. ಹಳೇ ದಿನ ಇಟ್ಟುಕೊಂಡವರಿಗೆ ಆ ಚಡಪಡಿಕೆ ಯಾಕೆ? ಬೇಜಾರಾದ್ರೆ ಎದ್ದು ಬರಬಹುದು.

ಇದಕ್ಕೆ ಪೂರಾ ಉಲ್ಟಾ ಮಾಡೋರೂ ಇದ್ದಾರೆ. ಟಿಕೆಟ್‌ನಲ್ಲಿ ದಿನ ಉಳಿದಿದೆ, ವೇಸ್ಟ್ ಆಗಬಾರದು ಅಂತ ಅದಕ್ಕೋಸ್ಕರವೇ ಪ್ರವಾಸ ಹಾಕ್ತಾರೆ. ವಿಮಾನ, ಬಾಡಿಗೆ ಕಾರು, ಹೋಟೆಲ್, ದಿನದಿನದ ಪಾರ್ಕಿಂಗ್. ಮೂಗಿಗಿಂತ ಮೂಗುತಿ ಭಾರ. ಸಾವಿರಾರು ಡಾಲರ್ ಖರ್ಚು ಮಾಡಿ ಎರಡು ದಿನ "ಫ್ರೀಯಾಗಿ" ನೋಡಿಕೊಂಡು ಬಂದ್ವಿ ಅಂತಾರೆ. ಹೋಗಬೇಕು ಅನ್ನಿಸಿದ್ರೆ ಹೋಗಿ, ಖಂಡಿತ. ಆ ಟಿಕೆಟ್ ಮೇಲೆ ಮಾತ್ರ ತಪ್ಪು ಹೊರಿಸಬೇಡಿ.

ಇನ್ನೊಂದು ವಿಷಯ ಯಾರೂ ಯೋಚಿಸಲ್ಲ. ಟಿಕೆಟ್ ಹಾಗೇ ಇರುತ್ತೆ, ಅದು ತೆರೆಯೋ ಬಾಗಿಲಿನ ಒಳಗಿನ ಜಾಗ ಹಾಗೇ ಇರಲ್ಲ. ದೊಡ್ಡ ಹಬ್ಬಕ್ಕೆ ಉಡೋಣ ಅಂತ ಎತ್ತಿಟ್ಟ ರೇಷ್ಮೆ ಸೀರೆ ಮಡಿಕೆಯಲ್ಲೇ ಸೀಳಿಹೋಗುತ್ತಲ್ಲ, ಹಾಗೆ. ಟಿಕೆಟ್ ಜೊತೆ ಬರ್ತಿದ್ದ ಹಳೇ 'ಪ್ಲಸ್' ಆಯ್ಕೆಗಳಲ್ಲಿ ಪ್ಲೆಷರ್ ಐಲ್ಯಾಂಡ್‌ನ ಕ್ಲಬ್‌ಗಳಿಗೆ ಪ್ರವೇಶ ಇತ್ತು. ಅವು 2008ರಲ್ಲಿ ಮುಚ್ಚಿದ್ವು. ಡಿಸ್ನಿಕ್ವೆಸ್ಟ್ ಅನ್ನೋ ಗೇಮ್ ಸೆಂಟರ್ ಇತ್ತು, 2017ರ ಜುಲೈನಲ್ಲಿ ಅದೂ ಹೋಯ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಗ್ರೇಟ್ ಮೂವೀ ರೈಡ್. 2023ರ ಜನವರಿಯಲ್ಲಿ ಸ್ಪ್ಲ್ಯಾಶ್ ಮೌಂಟನ್. 2025ರ ಜುಲೈನಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ನ ಒಳಗಿದ್ದ ನದಿ, ಅದರ ದೋಣಿ, ಟಾಮ್ ಸಾಯರ್ ದ್ವೀಪ ಎಲ್ಲ. ನೀವು ಟಿಕೆಟ್ ಕೊಂಡಾಗ ಉದ್ದದ ಕ್ಯೂ ತಪ್ಪಿಸೋ ಫಾಸ್ಟ್‌ಪಾಸ್ ಪುಕ್ಕಟೆ. ಈಗ ಅದರ ಜಾಗದಲ್ಲಿ ಲೈಟ್ನಿಂಗ್ ಲೇನ್, ಅದಕ್ಕೆ ಬೇರೆ ದುಡ್ಡು. ಹೊಸದಾಗಿ ಬಂದಿದ್ದೂ ಇದೆ, ನ್ಯಾಯವಾಗಿ ಹೇಳಬೇಕು: 2017ರಲ್ಲಿ ಪಂಡೋರಾ, 2019ರಲ್ಲಿ ಗ್ಯಾಲಕ್ಸೀಸ್ ಎಡ್ಜ್, 2023ರಲ್ಲಿ ಟ್ರಾನ್. ಆದರೆ ಟಿಕೆಟ್ ಎತ್ತಿಟ್ಟವರು ಎತ್ತಿಟ್ಟಿದ್ದು ಯಾವುದೋ ಒಂದು ಹಳೇ ನೆನಪಿಗೆ. ಆ ರೈಡೇ ಈಗ ಇಲ್ಲ.

ಮತ್ತೆ, ಆ ಟಿಕೆಟ್ ಯಾರ ಹೆಸರಿನದು? ಈ ಪ್ರಶ್ನೆ ಕೇಳಿದ್ರೆ ನಮ್ಮ ಮನೆಗಳಲ್ಲಿ ಸ್ವಲ್ಪ ಮೌನ ಬರುತ್ತೆ. ಯಾಕಂದ್ರೆ ಬಹಳ ಸಲ ಅದು ಆರು ತಿಂಗಳಿಗೆ ಅಂತ ಬಂದಿದ್ದ ಅಪ್ಪ ಅಮ್ಮಂದು. ಅವರು ಎರಡು ದಿನ ನಡೆದು, ಮೂರನೇ ದಿನ "ನೀವು ಹೋಗಿಬನ್ನಿ, ನಾವು ರೂಮಲ್ಲಿ ಇರ್ತೀವಿ" ಅಂದಿದ್ರು. ಉಳಿದ ದಿನ ಹಾಗೆ ಉಳಿದಿದ್ದು. ಇನ್ನು ಮಗನ ಮೂರರಿಂದ ಒಂಬತ್ತು ವಯಸ್ಸಿನ ಚೈಲ್ಡ್ ಟಿಕೆಟ್, ಮಗ ಈಗ ಸಿಯಾಟಲ್‌ನಲ್ಲಿ ಕೆಲಸಕ್ಕಿದ್ದಾನೆ. ಅಪ್ಪನ ದಿನದಲ್ಲಿ ಭಾವಮೈದ ಹೋಗಿಬರಲಿ ಅಂತ ಅನ್ನಬೇಡಿ. ಟಿಕೆಟ್ ಮೇಲೇ ವರ್ಗಾವಣೆ ಇಲ್ಲ ಅಂತ ಅಚ್ಚಾಗಿದೆ, ಗೇಟಲ್ಲಿ ಬೆರಳು ಸ್ಕ್ಯಾನ್ ಮಾಡ್ತಾರೆ. ಮಾರೋ ಯೋಚನೆಯಂತೂ ಬೇಡವೇ ಬೇಡ. ಒಮ್ಮೆ ಬಳಸಿದ, ವರ್ಗಾವಣೆ ಇಲ್ಲದ ಬಹುಬಳಕೆ ಟಿಕೆಟ್ ಮಾರೋದು ಫ್ಲೋರಿಡಾದಲ್ಲಿ ಕ್ರಿಮಿನಲ್ ಅಪರಾಧ, ಅದಕ್ಕೇ ಅಂತ ಪ್ರತ್ಯೇಕ ಕಾನೂನು ಸೆಕ್ಷನ್ ಇದೆ, 817.361. ಕಿಸಿಮ್ಮೀ ಕಡೆ ರಸ್ತೆಬದಿಯಲ್ಲಿ "ಅರ್ಧ ಬೆಲೆಗೆ ಎರಡು ದಿನ" ಅಂತ ಯಾರಾದ್ರೂ ಕೈಗಿಟ್ಟರೆ ಕೊಳ್ಳಲೂ ಬೇಡಿ. ಒಳಗೆ ದಿನ ಉಳಿದಿದೆಯೋ ಇಲ್ಲವೋ ಮುಖ ನೋಡಿ ಹೇಳೋಕಾಗಲ್ಲ.

ಬಳಸೋ ವಿಧಾನಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಕಾಗದದ ಹಳೇ ಟಿಕೆಟ್ ತೂರಿಸೋ ತಿರುಗುಗೇಟು ಈಗ ಇಲ್ಲ, ಕಾರ್ಡನ್ನೋ ಕೈಗೆ ಕಟ್ಟೋ ಮ್ಯಾಜಿಕ್‌ಬ್ಯಾಂಡನ್ನೋ ಮುಟ್ಟಿಸಬೇಕು. ಹಾಗಾಗಿ ಗೇಟಿನ ಪಕ್ಕದ ಗೆಸ್ಟ್ ರಿಲೇಷನ್ಸ್ ಕೌಂಟರ್‌ಗೆ ಫೋಟೋ ಐಡಿ ಸಮೇತ ಹೋಗಿ, ಎಷ್ಟು ದಿನ ಉಳಿದಿದೆ ಅಂತ ಅವರು ನೋಡಿ ಹೊಸ ಕಾರ್ಡ್‌ಗೆ ಬದಲಾಯಿಸಿಕೊಡ್ತಾರೆ. ಹಿಂದಿನ ಕಪ್ಪು ಪಟ್ಟಿ ಸವೆದಿದ್ರೂ ಅಚ್ಚಾದ ನಂಬರ್ ಓದುವ ಹಾಗಿರಲಿ. ದಿನಾಂಕ ಇಲ್ಲದ ಟಿಕೆಟ್‌ಗೆ ಪಾರ್ಕ್ ರಿಸರ್ವೇಶನ್, ಅಂದ್ರೆ ಇಂಥ ದಿನ ಬರ್ತೀವಿ ಅಂತ ಮೊದಲೇ ಕಾದಿರಿಸೋದು, ಬೇಕಾಗಬಹುದು. 2024ರ ಜನವರಿಯಲ್ಲಿ ಅದನ್ನ ತೆಗೆದಿದ್ದು ದಿನಾಂಕದ ಟಿಕೆಟ್‌ಗಳಿಗೆ, ಆದ್ದರಿಂದ ಹೋಗೋ ಮುಂಚೆ ಫೋನ್ ಮಾಡಿ ಕೇಳಿ.

ಕಂಪನಿ ಹಳೇ ಕಾಗದ ಕಂಡ್ರೆ ಮೂಗು ಮುರಿಯುತ್ತೆ ಅನ್ನೋ ಭಯ ಬೇಡ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ 2017ರಲ್ಲಿ ಒಬ್ಬ ಮಹಿಳೆ 1985ರ ಪಾಸ್ ತಂದ್ರು. ಪಾರ್ಕಿನ 30ನೇ ವರ್ಷಕ್ಕೆ ಹುಡುಗಿಯಾಗಿದ್ದಾಗ ಬಹುಮಾನವಾಗಿ ಸಿಕ್ಕಿದ್ದು. ಒಳಗೆ ಬಿಟ್ಟರು. ಪೇಪರ್‌ನೋರು ಅದನ್ನ ಚೆಂದದ ಸುದ್ದಿ ಮಾಡಿದ್ರು. ನನಗೆ ಅನ್ನಿಸಿದ್ದು ಬೇರೆ: ಹುಡುಗಿಯಾಗಿದ್ದಾಗ ಹೋಗಿದ್ರೆ ಇನ್ನೂ ಚೆನ್ನಾಗಿರ್ತಿತ್ತು.

ನನ್ನನ್ನ ಕೇಳಿದ್ರೆ ಉಳಿದ ದಿನಕ್ಕೆ ಎಪ್ಕಾಟ್. 1982ರ ಅಕ್ಟೋಬರ್ 1ರಂದು ತೆರೆದ ಪಾರ್ಕ್, ಸಂಜೆಗೇ ಹೇಳಿ ಮಾಡಿಸಿದ್ದು. ಐದರ ಮೇಲೆ ಬಿಸಿಲು ಇಳಿದಾಗ ಹೋಗಿ. ಕೊಳದ ಸುತ್ತ 11 ದೇಶಗಳ ಮಂಟಪ, ಒಂದು ಸುತ್ತು ಸುಮಾರು ಎರಡು ಕಿಲೋಮೀಟರ್. ಕ್ಯೂ ಇದ್ದಲ್ಲಿ ನಿಲ್ಲಬೇಡಿ, ಲೈಟ್ನಿಂಗ್ ಲೇನ್‌ಗೆ ಒಂದು ಡಾಲರ್ ಹಾಕಬೇಡಿ. ಇಷ್ಟವಾದ ಕಡೆ ಕೂತುಕೊಳ್ಳಿ. ಪಾರ್ಕ್ ಹಾಪರ್ ಆಗಿದ್ರೆ ನಡೆದೋ ದೋಣಿಯಲ್ಲೋ ಪಕ್ಕದ ಪಾರ್ಕ್ ಹಾಲಿವುಡ್ ಸ್ಟುಡಿಯೋಸ್ ಕಡೆಗೂ ಒಂದು ಹೆಜ್ಜೆ ಹಾಕಬಹುದು. "ಅಷ್ಟಕ್ಕೆ ಒಂದು ಇಡೀ ದಿನ ಕಳೆದುಕೊಂಡ್ರಾ" ಅಂತ ಯಾರಾದ್ರೂ ಕೇಳಿದ್ರೆ ಹೌದು ಅನ್ನಿ.

ಈಗ ಲೆಕ್ಕದಲ್ಲಿ ಜಾಣರು ಒಂದು ಪಾಯಿಂಟ್ ಎತ್ತುತ್ತಾರೆ, ಅದು ಸರಿಯಾದ ಪಾಯಿಂಟೇ. ಹಳೇ ಟಿಕೆಟ್‌ಗೆ ದಿನಾಂಕದ ಬೆಲೆ ಅನ್ವಯಿಸಲ್ಲ, ಹಾಗಾದ್ರೆ ವರ್ಷದ ಅತಿ ದುಬಾರಿ ದಿನಕ್ಕೇ ಅದನ್ನ ಬಳಸಬೇಕು, ಡಿಸೆಂಬರ್ ಕೊನೇ ವಾರಕ್ಕೆ. ಕಾಗದದ ಮೇಲೆ ಅದೇ ಗರಿಷ್ಠ ಲಾಭ. ಆದರೆ ಆ ದಿನ ದುಬಾರಿ ಆಗಿರೋದೇ ಇಡೀ ಅಮೆರಿಕ ಅವತ್ತು ಅಲ್ಲಿ ಬಂದು ನಿಂತಿರುತ್ತೆ ಅಂತ. ಲಾಭ ಮಾಡಿಕೊಳ್ಳೋರು ಹೋಗಿ ನಿಂತ್ಕೊಳ್ಳಿ. ನಾನು ಸೆಪ್ಟೆಂಬರ್‌ನಲ್ಲಿ, ಮಳೆ ಬಂದು ನಿಂತ ಮೇಲೆ, ಯಾವುದಾದ್ರೂ ಮಂಗಳವಾರ ಹೋಗ್ತೀನಿ.