ಗಂಧಕದ ನೀರು, ರೂಲೆಟ್ ಚಕ್ರ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಇಂಡಿಯಾನಾ ರಾಜ್ಯದ ದಕ್ಷಿಣ ಭಾಗದಲ್ಲಿ ಫ್ರೆಂಚ್ ಲಿಕ್ ಎಂಬ ಪುಟ್ಟ ಊರಿದೆ. ಅಲ್ಲಿನ ಗಂಧಕದ ಬುಗ್ಗೆಯ ನೀರು ಹೊಟ್ಟೆಯನ್ನು ಶುದ್ಧಿಮಾಡುತ್ತದೆಂದು ನಂಬಿದವರು ಕಳೆದ ಶತಮಾನದ ಮೊದಲಲ್ಲಿ ರೈಲು ಹತ್ತಿ ಬರುತ್ತಿದ್ದರು. ಅದೇ ನೀರು ‘ಪ್ಲೂಟೋ ವಾಟರ್’ ಎಂಬ ಹೆಸರಿನಲ್ಲಿ ಬಾಟಲಿಗಳಲ್ಲಿ ದೂರದೂರಿಗೂ ಹೋಗುತ್ತಿತ್ತು. ಹಗಲು ನೀರು ಕುಡಿದವರಿಗೆ ಇರುಳು ಇಸ್ಪೀಟು ಮತ್ತು ರೂಲೆಟ್ ಚಕ್ರಗಳು ಕಾದಿರುತ್ತಿದ್ದವು. ರಾಜ್ಯದ ಕಾನೂನಿನ ಪ್ರಕಾರ ಜೂಜು ಅಪರಾಧವಾಗಿತ್ತು.

ಇಲ್ಲಿನ ಹೋಟೆಲನ್ನು 1901ರಲ್ಲಿ ಪಾಲುದಾರರೊಡನೆ ಕೊಂಡ ಥಾಮಸ್ ಟ್ಯಾಗರ್ಟ್, ಐರ್ಲೆಂಡಿನಲ್ಲಿ ಹುಟ್ಟಿ, ಎಳವೆಯಲ್ಲೇ ಅಮೆರಿಕಕ್ಕೆ ಬಂದು, ರೈಲು ನಿಲ್ದಾಣದ ಉಪಾಹಾರ ಗೃಹದಲ್ಲಿ ದುಡಿದು, ಮುಂದೆ ಇಂಡಿಯಾನಾಪೊಲಿಸ್ ನಗರದ ಮೇಯರ್ ಆಗಿದ್ದವರು. 1904ರಲ್ಲಿ ಅವರು ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಿತಿಯ ಅಧ್ಯಕ್ಷರೂ ಆದರು. ಹೀಗಾಗಿ ಹೋಟೆಲಿನ ವರಾಂಡದಲ್ಲಿ ಕುಳಿತವರಲ್ಲಿ ರೋಗಿಗಳಷ್ಟೇ ರಾಜಕಾರಣಿಗಳೂ ಇರುತ್ತಿದ್ದರು.

1906ರಲ್ಲಿ ರಾಜ್ಯಪಾಲ ಫ್ರಾಂಕ್ ಹ್ಯಾನ್ಲಿ ಈ ಹೋಟೆಲಿನ ಮೇಲೂ, ಮೈಲಿಯಾಚೆಗಿನ ವೆಸ್ಟ್ ಬೇಡನ್ ಹೋಟೆಲಿನ ಮೇಲೂ ದಾಳಿ ಮಾಡಿಸಿದರು. ಅಮೆರಿಕದಲ್ಲಿ ರಾಜ್ಯಪಾಲರು ಚುನಾವಣೆಯಲ್ಲಿ ಗೆದ್ದು ಆಡಳಿತ ನಡೆಸುವವರೆಂಬುದನ್ನು ಇಲ್ಲಿ ನೆನೆಯಬೇಕು. ಹ್ಯಾನ್ಲಿ ರಿಪಬ್ಲಿಕನ್ ಪಕ್ಷದವರು; ದಾಳಿಗೊಳಗಾದದ್ದು ಎದುರು ಪಕ್ಷದ ರಾಷ್ಟ್ರೀಯ ಅಧ್ಯಕ್ಷರ ಹೋಟೆಲು. ಜೂಜಿನಲ್ಲಿ ತಮ್ಮ ಕೈವಾಡವಿಲ್ಲವೆಂದೇ ಟ್ಯಾಗರ್ಟ್ ವಾದಿಸಿದರು. ಇದೆಲ್ಲ ಬರಿಯ ಪಕ್ಷದ್ವೇಷವೆನ್ನಲು ಮಾತ್ರ ನನಗೆ ಮನಸ್ಸು ಬಾರದು, ಏಕೆಂದರೆ ಹ್ಯಾನ್ಲಿ ಹತ್ತು ವರ್ಷಗಳ ಮೇಲೆ ಪಾನನಿಷೇಧ ಪಕ್ಷದ ಅಭ್ಯರ್ಥಿಯಾಗಿ ರಾಷ್ಟ್ರಾಧ್ಯಕ್ಷ ಪದವಿಗೇ ಸ್ಪರ್ಧಿಸಿದವರು. ಅವರ ಹಟ ಪಕ್ಷಕ್ಕಿಂತ ಹಳೆಯದಿರಬೇಕು. ಆದರೂ ದಾಳಿಯಿಂದ ಟ್ಯಾಗರ್ಟರ ರಾಜಕೀಯ ಮುಗಿಯಲಿಲ್ಲ. 1916ರಲ್ಲಿ ಅವರು ಕೆಲವು ತಿಂಗಳ ಮಟ್ಟಿಗೆ ಸೆನೆಟರೂ ಆದರು.

ಜೂಜೂ ಮುಗಿಯಲಿಲ್ಲ. ವೆಸ್ಟ್ ಬೇಡನ್ನಿನ ಜೂಜುಕಟ್ಟೆಯಿಂದ ಸಿರಿವಂತರಾದ ಎಡ್ ಬ್ಯಾಲರ್ಡ್ ಆ ಹೋಟೆಲನ್ನೇ ಕೊಂಡರು. ಆರ್ಥಿಕ ಕುಸಿತದಲ್ಲಿ ಅದು ನೆಲಕಚ್ಚಿದಾಗ, 1934ರಲ್ಲಿ, ಒಂದು ಡಾಲರಿಗೆ ಜೆಸ್ಯೂಟ್ ಪಾದ್ರಿಗಳಿಗೆ ಒಪ್ಪಿಸಿದರು. ಫ್ರೆಂಚ್ ಲಿಕ್‌ನಲ್ಲಿ 1931ರಲ್ಲಿ ರಾಜ್ಯಪಾಲರ ಸಮ್ಮೇಳನ ಸೇರಿತು. ಆಗ ನ್ಯೂಯಾರ್ಕಿನ ರಾಜ್ಯಪಾಲರಾಗಿದ್ದ ಫ್ರಾಂಕ್ಲಿನ್ ರೂಸ್ವೆಲ್ಟ್ ಅಲ್ಲಿ ಮರುವರ್ಷದ ಚುನಾವಣೆಗೆ ಬೆಂಬಲ ಕೂಡಿಸಿಕೊಂಡರು.

ಜೂಜಿನ ಮೇಜುಗಳು ಕಡೆಗೆ 1949ರಲ್ಲಿ ಮುಚ್ಚಿದವು. ಮತ್ತೆ 2006ರಲ್ಲಿ, ಹ್ಯಾನ್ಲಿಯವರ ದಾಳಿಗೆ ಸರಿಯಾಗಿ ನೂರು ವರ್ಷ ತುಂಬಿದಾಗ, ಫ್ರೆಂಚ್ ಲಿಕ್‌ನಲ್ಲಿ ಕ್ಯಾಸಿನೊ ತೆರೆಯಿತು. ಈ ಸಲ ರಾಜ್ಯ ಸರ್ಕಾರದ ಪರವಾನಗಿಯೊಡನೆ.