ರೆಂಡಲ್‌ಶಮ್ ಹೊಲದಲ್ಲಿ ರಾಜನ ಊರು: ಮೆಟಲ್ ಡಿಟೆಕ್ಟರ್ ಬಗ್ಗೆ ಬಳಗದಲ್ಲಿ ಆಡಿದ ಮಾತು

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚಿನ ಸ್ಲಾಟ್ ಕೊಟ್ಟಿದ್ದಾರೆ ಅಂದ್ರೆ ಬೇಗ ಮುಗಿಸಪ್ಪಾ ಅಂತ ಅರ್ಥ, ಅದು ನಂಗೂ ಗೊತ್ತು, ಬಿಸಿಬೇಳೆ ಬಾತ್ ವಾಸನೆ ಈಗಾಗ್ಲೇ ಹಾಲ್ ತುಂಬಾ ಬರ್ತಿದೆ. ನಾನು ಭಾನುವಾರ ಆದ್ರೆ ಕೆಸರು ಬೂಟ್ ಹಾಕ್ಕೊಂಡು ಹೊಲದಲ್ಲಿ ಲೋಹ ಹುಡುಕೋ ಮೆಟಲ್ ಡಿಟೆಕ್ಟರ್ ಕೋಲು ಆಡಿಸ್ಕೊಂಡು ಓಡಾಡ್ತೀನಿ ಅನ್ನೋದು ಇಲ್ಲಿ ಸುಮಾರು ಜನಕ್ಕೆ ಗೊತ್ತಿದೆ, ಸಿಕ್ಕಿದಾಗೆಲ್ಲ "ಏನ್ ಸ್ವಾಮಿ, ಚಿನ್ನ ಸಿಕ್ತಾ" ಅಂತ ಕೇಳ್ತೀರ. ಸಿಕ್ಕಿಲ್ಲ. ಹಾಗಾಗಿ ಇವತ್ತು ನನ್ನ ಕಥೆ ಬೇಡ, ಇಲ್ಲೇ ಇಂಗ್ಲೆಂಡಿನ ಸಫೊಕ್ ಕೌಂಟಿಯಲ್ಲಿ, ಇಪ್ಸ್‌ವಿಚ್‌ನಿಂದ ಕಾರಲ್ಲಿ ಅರ್ಧ ಗಂಟೆ ದೂರ ಇರೋ ರೆಂಡಲ್‌ಶಮ್ ಅನ್ನೋ ಹಳ್ಳಿ ಕಥೆ ಹೇಳ್ತೀನಿ. 1980ರಲ್ಲಿ ಕಾಡಲ್ಲಿ ಹಾರುವ ತಟ್ಟೆ ಇಳೀತು ಅಂತ ಗಲಾಟೆ ಆಯ್ತಲ್ಲ, ಅದೇ ರೆಂಡಲ್‌ಶಮ್. ಹಾರುವ ತಟ್ಟೆ ವಿಷಯ ನಂಗೆ ಇಂಟರೆಸ್ಟ್ ಇಲ್ಲ, ಅದರ ಪಕ್ಕದ ಹೊಲದಲ್ಲಿ ಸಿಕ್ಕಿದ್ದು ಅದಕ್ಕಿಂತ ದೊಡ್ಡದು.

ವಿಷಯ ಏನಂದ್ರೆ, ಬೀಡ್ ಅಂತ ಒಬ್ಬ ಸನ್ಯಾಸಿ 731ರಲ್ಲಿ ಇಂಗ್ಲೆಂಡಿನ ಚರ್ಚ್ ಇತಿಹಾಸ ಬರೆದು ಮುಗಿಸಿದ, ಅದರಲ್ಲಿ ಸ್ವಿತ್‌ಹೆಲ್ಮ್ ಅನ್ನೋ ಎಸೆಕ್ಸ್ ರಾಜನಿಗೆ ರೆಂಡಲ್‌ಶಮ್ ಅನ್ನೋ ಈ ಕಡೆಯ ರಾಜರ ಊರಲ್ಲಿ ದೀಕ್ಷಾಸ್ನಾನ ಆಯ್ತು ಅಂತ ಒಂದು ಸಾಲು ಬರುತ್ತೆ. ಒಂದೇ ಸಾಲು ಸಾರ್. ರಾಜರ ಊರು ಅಂತಾನೆ, ಸರಿ, ಎಲ್ಲಿದೆ ಅದು? ಅರಮನೆ ಇಲ್ಲ, ಕೋಟೆ ಇಲ್ಲ, ಒಂದು ಕಲ್ಲೂ ಇಲ್ಲ. ಆ ಕಾಲದಲ್ಲಿ ಇಲ್ಲಿ ರಾಜರೂ ಮರದ ಮನೇಲೇ ಇರ್ತಿದ್ರು, ಮರ ಕೊಳೆತು ಮಣ್ಣಾಯ್ತು, ಮೇಲೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಉತ್ತು ಬಿತ್ತಿದ್ರು. ಹಂಪಿ ತರ ನಿಂತು ನೋಡೋಕೆ ಏನೂ ಇಲ್ಲ. ಅಲ್ಲಿಂದ ನಾಲ್ಕೇ ಮೈಲಿ ದೂರದಲ್ಲಿ ಸಟನ್ ಹೂ ಇದೆ, 1939ರಲ್ಲಿ ಬ್ಯಾಸಿಲ್ ಬ್ರೌನ್ ಅಗೆದಾಗ 27 ಮೀಟರ್ ಹಡಗಿನ ಸಮಾಧಿ, ಹೆಲ್ಮೆಟ್ಟು, ಚಿನ್ನದ ಬಕಲ್ ಎಲ್ಲ ಸಿಕ್ಕಿದ ಜಾಗ, ನಿಮ್ಮಲ್ಲಿ ಅರ್ಧ ಜನ ಮಕ್ಕಳನ್ನ ಕರ್ಕೊಂಡು ಹೋಗಿರ್ತೀರ. ಸತ್ತ ರಾಜರು ಅಲ್ಲಿದಾರೆ, ಬದುಕಿದ್ದಾಗ ಎಲ್ಲಿದ್ರು ಅನ್ನೋದು ಮಾತ್ರ ಪತ್ತೆ ಇರ್ಲಿಲ್ಲ.

ಪತ್ತೆ ಆಗೋಕೆ ದಾರಿ ಮಾಡಿಕೊಟ್ಟವರು ಯಾರು ಅಂದ್ರೆ ಕಳ್ಳರು! ರಾತ್ರಿ ಹೊತ್ತು ಡಿಟೆಕ್ಟರ್ ಹಿಡ್ಕೊಂಡು ಬೇರೆಯವರ ಹೊಲಕ್ಕೆ ನುಗ್ಗೋರಿಗೆ ಇಲ್ಲಿ ನೈಟ್‌ಹಾಕ್ ಅಂತಾರೆ. ಬೆಳಿಗ್ಗೆ ಎದ್ದು ನೋಡಿದ್ರೆ ಬಿತ್ತಿದ ಹೊಲದಲ್ಲಿ ಗುಂಡಿ ಗುಂಡಿ. ಜಮೀನಿನ ಯಜಮಾನರಿಗೆ ತಲೆ ಕೆಟ್ಟುಹೋಗಿ ಸಫೊಕ್ ಕೌಂಟಿಯ ಆರ್ಕಿಯಾಲಜಿ ವಿಭಾಗಕ್ಕೆ ಹೇಳಿದ್ರು, ಇವರು ಕದಿಯೋಕೆ ಬರ್ತಿದಾರೆ ಅಂದ್ರೆ ಕದಿಯೋಕೆ ಏನೋ ಇದೆ ಅಂತ ತಾನೆ? ಅವರು 2008ರಲ್ಲಿ ಸರ್ವೆ ಶುರು ಮಾಡಿದ್ರು. ಈಗ ಕೇಳಿ, ಯಾರನ್ನ ಇಟ್ಕೊಂಡು ಮಾಡಿದ್ರು ಅಂತ. ನಾಲ್ಕು ಜನ ಹವ್ಯಾಸಿ ಡಿಟೆಕ್ಟರಿಸ್ಟ್‌ಗಳು, ನನ್ನ ತರದವರೇ, ಆದ್ರೆ ನನಗಿಂತ ಹತ್ತು ಪಟ್ಟು ತಾಳ್ಮೆ ಇರೋರು. ಒಂದು ಕಾಲದಲ್ಲಿ ಆರ್ಕಿಯಾಲಜಿಸ್ಟ್‌ಗಳಿಗೂ ಡಿಟೆಕ್ಟರ್‌ನವರಿಗೂ ಹಾವು ಮುಂಗುಸಿ ಸಂಬಂಧ ಇತ್ತು ಇಲ್ಲಿ, 1980ರ ಸುಮಾರಿಗೆ ಇವರನ್ನ ನಿಲ್ಲಿಸ್ಬೇಕು ಅಂತ ದೊಡ್ಡ ಪ್ರಚಾರವೇ ನಡೆದಿತ್ತು. ಅಂಥವರು ಒಟ್ಟಿಗೆ ಕೂತಿದ್ದೇ ಇಲ್ಲಿನ ಅರ್ಧ ಸಾಧನೆ ಅಂತ ನನ್ನ ಲೆಕ್ಕ.

ಮೆಷಿನ್ ಹೆಂಗೆ ಕೆಲಸ ಮಾಡುತ್ತೆ ಅಂತ ಬೇಗ ಹೇಳಿಬಿಡ್ತೀನಿ. ಕೆಳಗಿನ ತಟ್ಟೆ ಒಳಗೆ ತಂತಿ ಸುರುಳಿ ಇದೆ, ಅದರಲ್ಲಿ ಹಿಂದೆ ಮುಂದೆ ಬದಲಾಗೋ ಕರೆಂಟ್ ಹರಿದು ಮಣ್ಣಿನೊಳಕ್ಕೆ ಅಯಸ್ಕಾಂತದ ಕ್ಷೇತ್ರ ಕಳಿಸುತ್ತೆ, ಅಲ್ಲಿ ಲೋಹ ಇದ್ರೆ ಅದರ ಮೈಮೇಲೆ ಸಣ್ಣ ಸುಳಿ ಕರೆಂಟ್ ಹುಟ್ಟಿ ಅದು ವಾಪಸ್ ತನ್ನದೊಂದು ಕ್ಷೇತ್ರ ಕಳಿಸುತ್ತೆ, ಇನ್ನೊಂದು ಸುರುಳಿ ಅದನ್ನ ಹಿಡಿಯುತ್ತೆ. ಎಷ್ಟು ತಡವಾಗಿ ಬಂತು, ಎಷ್ಟು ಜೋರಾಗಿ ಬಂತು ಅನ್ನೋದರ ಮೇಲೆ ಮೆಷಿನ್ ಇದು ಕಬ್ಬಿಣ, ಇದು ತಾಮ್ರ, ಇದು ಬೆಳ್ಳಿ ಅಂತ ಅಂದಾಜು ಮಾಡಿ ಬೇರೆ ಬೇರೆ ಸದ್ದು ಮಾಡುತ್ತೆ. ಕಬ್ಬಿಣಕ್ಕೆ ಗೊರ್ ಅಂತ ದಪ್ಪ ಸದ್ದು, ಬೆಳ್ಳಿ ನಾಣ್ಯಕ್ಕೆ ಟಿಂಗ್ ಅಂತ ಮೇಲಿನ ಸದ್ದು. ಹಾಗಂತ ಅದು ಸತ್ಯಹರಿಶ್ಚಂದ್ರ ಏನಲ್ಲ. ತೆಳು ಚಿನ್ನ ಇದ್ಯಲ್ಲ, ಅದೂ ಕೋಕ್ ಡಬ್ಬಿಯ ಎಳೆದು ತೆಗೆಯೋ ಕಿವಿನೂ ಸುಮಾರು ಒಂದೇ ಸದ್ದು ಮಾಡುತ್ತೆ! ಡಬ್ಬಿ ಕಿವಿ ಕೇಳಿಸೋದೇ ಬೇಡ ಅಂತ ಸೆಟ್ಟಿಂಗ್ ಹಾಕಿದ್ರೆ ಚಿನ್ನಾನೂ ಹೋಯ್ತು, ಹಾಕ್ದೇ ಇದ್ರೆ ಇಡೀ ದಿನ ಬಗ್ಗಿ ಬಗ್ಗಿ ಸೊಂಟ ಹೋಯ್ತು. ನಾಣ್ಯದ ಸೈಜಿಂದು ಒಂದು ಗೇಣಿಗಿಂತ ಸ್ವಲ್ಪ ಆಳದವರೆಗೆ ಕೇಳುತ್ತೆ ಅಷ್ಟೆ, ಸಿನಿಮಾದಲ್ಲಿ ತೋರಿಸೋ ಹಂಗೆ ಹತ್ತಡಿ ಕೆಳಗಿನ ಕೊಪ್ಪರಿಗೆ ಎಲ್ಲ ಕೇಳಲ್ಲ.

ಆ ಗೇಣಿನ ಲೆಕ್ಕ ಮುಖ್ಯ, ಯಾಕಂದ್ರೆ ಅದೇ ಉಳುಮೆ ಪದರ. ನೇಗಿಲು ಓಡಾಡೋ ಆ ಮೇಲಿನ ಮಣ್ಣಲ್ಲಿ ಎಲ್ಲ ಕಲಸಿಹೋಗಿರುತ್ತೆ, ರೋಮನ್ ಕಾಲದ್ದು, ಬೀಡ್ ಕಾಲದ್ದು, ನಿನ್ನೆ ಟ್ರ್ಯಾಕ್ಟರಿಂದ ಬಿದ್ದ ನಟ್ಟು, ಎಲ್ಲ ಒಟ್ಟಿಗೆ. ಅಂದ್ರೆ ಯಾವುದರ ಮೇಲೆ ಯಾವುದು ಇತ್ತು ಅನ್ನೋ ಮಾಹಿತಿ ಆಗಲೇ ಹಾಳಾಗಿದೆ, ಅಲ್ಲಿಂದ ಒಂದು ವಸ್ತು ತೆಗೆದ್ರೆ ಹೊಸದಾಗಿ ಏನೂ ಕೆಡಲ್ಲ, ಬಿಟ್ರೇ ಗೊಬ್ಬರದ ಕೆಮಿಕಲ್‌ಗೆ, ನೇಗಿಲಿಗೆ ಸಿಕ್ಕಿ ಇನ್ನೂ ಹಾಳಾಗುತ್ತೆ. ಆದ್ರೆ ಒಂದು ಮಾಹಿತಿ ಮಾತ್ರ ಬಹುಪಾಲು ಉಳಿದಿರುತ್ತೆ, ಅದು ಜಾಗ. ನೇಗಿಲು ವಸ್ತುವನ್ನ ಸ್ವಲ್ಪ ಎಳೆದಾಡಬಹುದು, ಪಕ್ಕದೂರಿಗಂತೂ ತಗೊಂಡ್ಹೋಗಲ್ಲ. ರೆಂಡಲ್‌ಶಮ್‌ನಲ್ಲಿ ಮಾಡಿದ್ದು ಇಷ್ಟೇ. 150 ಹೆಕ್ಟೇರ್, ಅಂದ್ರೆ 370 ಎಕರೆ, ವರ್ಷಗಟ್ಟಲೆ ಸಾಲು ಸಾಲಾಗಿ ನಡೆದು, ಸಿಕ್ಕಿದ ಒಂದೊಂದಕ್ಕೂ ಒಂದು ಪುಟ್ಟ ಕವರ್, ಕವರ್ ಮೇಲೆ ನಂಬರ್, ಜಿಪಿಎಸ್‌ನಲ್ಲಿ ಜಾಗ. ಅಕ್ಕಪಕ್ಕದ ಗುಂಡಿಯ ಎರಡು ವಸ್ತುನೂ ಒಂದು ಕವರ್‌ಗೆ ಹಾಕೋ ಹಾಗಿಲ್ಲ. ಬೋರು ಹೊಡೆಸೋ ಕೆಲಸ, ನಿಜ ಹೇಳ್ತೀನಿ. ಡಿಸೆಂಬರ್‌ನಲ್ಲಿ ಗಾಳಿ ಬೀಸೋ ಬಯಲಲ್ಲಿ ಒದ್ದೆ ಗ್ಲೌಸ್ ತೆಗೆದು ಪೆನ್ನಲ್ಲಿ ನಂಬರ್ ಬರೆಯೋಕೆ ಟ್ರೈ ಮಾಡಿ ನೋಡಿ, ಗೊತ್ತಾಗುತ್ತೆ.

ಸಿಕ್ಕಿದ್ದು 4,000ಕ್ಕೂ ಮೇಲೆ. ಹೆಚ್ಚಿನವು ಒಡೆದ ಬ್ರೂಚಿನ ಚೂರು, ಪಿನ್ನು, ಬಕಲ್ಲು, ತೂಕದ ಬಟ್ಟು, ಕರಗಿ ತೊಟ್ಟಿಕ್ಕಿದ ತಾಮ್ರದ ಹನಿ. ಜೊತೆಗೆ ಫ್ರಾನ್ಸ್ ಕಡೆಯ ಮೆರೊವಿಂಜಿಯನ್ ರಾಜರ ಕಾಲದ ಚಿನ್ನದ ನಾಣ್ಯ, ದೂರದ ಬೈಜಾಂಟಿಯಂನ ತಾಮ್ರದ ಚಿಲ್ಲರೆ, ಆಮೇಲೆ ಇಲ್ಲಿನದೇ ಸ್ಕ್ಯಾಟ್ ಅನ್ನೋ ಬೆಳ್ಳಿ ನಾಣ್ಯ, ಅದು ಶರ್ಟಿನ ಗುಂಡಿಯಷ್ಟೇ, ತೂಕ ಒಂದು ಗ್ರಾಂ ಚಿಲ್ಲರೆ. ಚಿನ್ನಕ್ಕೆ ಕೆಂಪು ಗಾರ್ನೆಟ್ ಕೂರಿಸಿದ ಒಂದು ಮಣಿನೂ ಸಿಕ್ತು. ಆ ಕಾಲದ ಇಂಗ್ಲಿಷ್ ಒಡವೆಗಳ ಗಾರ್ನೆಟ್ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿದಾಗ ತುಂಬಾ ಕಲ್ಲುಗಳು ಇಂಡಿಯಾ, ಶ್ರೀಲಂಕಾ ಕಡೆಯಿಂದ ಬಂದಿದ್ದು ಅಂತ ಗೊತ್ತಾಗಿದೆ, ನಮಗಿಂತ ಎಷ್ಟೋ ಮುಂಚೆ ವೀಸಾ ಇಲ್ದೇ ಬಂದಿವೆ ನೋಡಿ.

ಈಗ ಈ 4,000 ಚುಕ್ಕಿಗಳನ್ನ ಮ್ಯಾಪ್ ಮೇಲೆ ಹಾಕಿದ್ರು. ಆಗ ಹೊಲ ಮಾತಾಡೋಕೆ ಶುರು ಮಾಡ್ತು. ಆಂಗ್ಲೋ ಸ್ಯಾಕ್ಸನ್ ಕಾಲದವು, ಅಂದ್ರೆ ರೋಮನ್ನರು ಹೋದಮೇಲಿನ ಈ ಹಳೇ ಇಂಗ್ಲಿಷ್ ರಾಜರ ಕಾಲದವು, ಸುಮಾರು 50 ಹೆಕ್ಟೇರ್‌ನಲ್ಲಿ ಗುಂಪಾಗಿವೆ, ಆ ಕಾಲಕ್ಕೆ ಇಷ್ಟು ದೊಡ್ಡ ಊರು ಇನ್ನೊಂದು ಇಂಗ್ಲೆಂಡಲ್ಲಿ ಗೊತ್ತಿರ್ಲಿಲ್ಲ. ಲೋಹದ ಹನಿ, ಅರ್ಧಕ್ಕೆ ಬಿಟ್ಟ ಕೆಲಸ ಎಲ್ಲ ಸಿಕ್ಕಿದ ಕಡೆ ಅಕ್ಕಸಾಲಿಗರ ಕೆಲಸ ನಡೀತಿತ್ತು. ನಾಣ್ಯ, ತೂಕದ ಬಟ್ಟು ಉದುರಿದ ಕಡೆ ವ್ಯವಹಾರ, ಕಂದಾಯ. 8ನೇ ಶತಮಾನದ ಶುರು ಆದಮೇಲೆ ನಾಣ್ಯ ಕಮ್ಮಿ ಆಗ್ತಾ ಹೋಗುತ್ತೆ, ಆ ಹೊತ್ತಿಗೆ ಇಪ್ಸ್‌ವಿಚ್ ಬಂದರು ಬೆಳೆದು ವ್ಯಾಪಾರ ಎಲ್ಲ ಇತ್ತ ಬಂದಿತ್ತು. ಇದನ್ನೆಲ್ಲ ಹೇಳಿದ್ದು ಯಾವುದೋ ಒಂದು ಚಿನ್ನದ ವಸ್ತು ಅಲ್ಲ, ಮೂರು ಕಾಸಿಗೆ ಬಾಳದ ತುಂಡುಗಳೇ. ಆ ಮಣಿ ಒಂದನ್ನೇ ಯಾರೋ ರಾತ್ರಿ ಕದ್ದು ಮಾರಿದ್ದಿದ್ರೆ ಅದು ಒಂದು ಚಂದದ ಮಣಿ ಅಷ್ಟೇ ಆಗಿರ್ತಿತ್ತು, ಎಲ್ಲಿಂದ ಬಂತು ಅಂತ ಕೇಳಿದ್ರೆ ಮಾರಿದೋನೂ ಹೇಳಲ್ಲ, ಕೊಂಡೋನಿಗೂ ಬೇಕಿಲ್ಲ.

ಮ್ಯಾಪು, ಮೇಲಿಂದ ತೆಗೆದ ಫೋಟೋ ಎಲ್ಲ ಸೇರಿ ಎಲ್ಲಿ ಅಗೀಬೇಕು ಅಂತ ಗೊತ್ತಾದ ಮೇಲೆ 2021ರಿಂದ 2023ರವರೆಗೆ ನಿಜವಾದ ಉತ್ಖನನ ಆಯ್ತು. 2022ರಲ್ಲಿ 23 ಮೀಟರ್ ಉದ್ದ, 10 ಮೀಟರ್ ಅಗಲದ ದೊಡ್ಡ ಮರದ ಹಾಲ್‌ನ ಗುರುತು ಸಿಕ್ತು, ಮರ ಇಲ್ಲ, ಮರ ನಿಲ್ಲಿಸಿದ ಗುಂಡಿ, ಕಾಲುವೆಗಳ ಮಣ್ಣಿನ ಬಣ್ಣ ಅಷ್ಟೇ ಬೇರೆ. 2023ರಲ್ಲಿ ಪಕ್ಕದಲ್ಲೇ 10 ಮೀಟರ್ ಉದ್ದ 5 ಮೀಟರ್ ಅಗಲದ ಇನ್ನೊಂದು, ಅದು ಕ್ರೈಸ್ತ ಧರ್ಮಕ್ಕೆ ಮುಂಚಿನ ಗುಡಿ ಇರಬಹುದು ಅಂತಾರೆ. ಬೀಡ್ ಇನ್ನೊಂದು ಕಡೆ ಈ ಭಾಗದ ರೆಡ್ವಾಲ್ಡ್ ರಾಜನ ಬಗ್ಗೆ ಬರೀತಾನೆ, ಅವನು ಒಂದೇ ಗುಡಿಯಲ್ಲಿ ಕ್ರಿಸ್ತನಿಗೊಂದು ಪೀಠ, ಹಳೇ ದೇವರುಗಳಿಗೊಂದು ಪೀಠ ಇಟ್ಕೊಂಡಿದ್ನಂತೆ. ಬೀಡ್‌ಗೆ ಅದು ಘೋರ ಅಪರಾಧ, ನಮಗೆ ಇದರಲ್ಲೇನು ವಿಶೇಷ ಅನ್ಸುತ್ತೆ! ಆ ಗುಡಿ ಇದೇನಾ ಅಂದ್ರೆ ಹಾಗಂತ ಬೀಡ್ ಎಲ್ಲೂ ಊರ ಹೆಸರು ಹೇಳಿಲ್ಲ, ಅಷ್ಟಕ್ಕೇ ನಿಲ್ಲಿಸೋದು ಒಳ್ಳೇದು.

ಏನಾದ್ರೂ ಸಿಕ್ಕಾಗ ತಾನೇ ಅಗೀದೇ ಕೈ ಕಟ್ಕೊಂಡು ನಿಲ್ಲೋದು ಎಷ್ಟು ಕಷ್ಟ ಅಂತ ಇದೇ ಸಫೊಕ್‌ನ ಹಾಕ್ಸ್‌ನ್ ಊರಿನ ಉದಾಹರಣೆ ಹೇಳ್ತೀನಿ. 1992ರಲ್ಲಿ ಒಬ್ಬರು ರೈತ ಸ್ನೇಹಿತನ ಕಳೆದುಹೋದ ಸುತ್ತಿಗೆ ಹುಡುಕೋಕೆ ಡಿಟೆಕ್ಟರ್ ತಗೊಂಡು ಹೋದ್ರು, ಬೆಳ್ಳಿ ಚಮಚ, ಚಿನ್ನದ ನಾಣ್ಯ ಬರೋಕೆ ಶುರು ಆಯ್ತು. ಅವರು ಪೂರ್ತಿ ಅಗೀಲಿಲ್ಲ, ನಿಲ್ಲಿಸಿ ಫೋನ್ ಮಾಡಿದ್ರು. ಮಾರನೇ ದಿನವೇ ಆರ್ಕಿಯಾಲಜಿಸ್ಟ್‌ಗಳು ಬಂದು ತೆಗೆದ್ರು, ಸುಮಾರು 15 ಸಾವಿರ ರೋಮನ್ ನಾಣ್ಯ, 200ರ ಹತ್ತಿರ ಚಿನ್ನ ಬೆಳ್ಳಿ ವಸ್ತು, ಎಲ್ಲ ಒಂದು ಮರದ ಪೆಟ್ಟಿಗೆಯಲ್ಲಿ ಹೇಗೆ ಜೋಡಿಸಿಟ್ಟಿದ್ರು ಅನ್ನೋದು ಕೂಡ ಗೊತ್ತಾಯ್ತು, ಪುಟಾಣಿ ಬೆಳ್ಳಿ ಬೀಗ ಸಮೇತ. ಅದರಲ್ಲಿ ನಾಲ್ಕು ಬೆಳ್ಳಿಯ ಮೆಣಸಿನ ಡಬ್ಬಿಗಳಿವೆ, ಒಂದು ರಾಣಿಯಂಥ ಹೆಂಗಸಿನ ಆಕಾರದ್ದು, ತಳ ತಿರುಗಿಸಿದ್ರೆ ತೂತು ತೆರೆದು ಪುಡಿ ಉದುರುತ್ತೆ. ಕಾಳುಮೆಣಸು ರೋಮನ್ನರಿಗೆ ಬರ್ತಿದ್ದಿದ್ದು ನಮ್ಮ ಪಶ್ಚಿಮ ಕರಾವಳಿಯಿಂದ, ಮಲಬಾರ್ ಕಡೆಯಿಂದ. ಬ್ರಿಟಿಷ್ ಮ್ಯೂಸಿಯಂಗೆ ಹೋದ್ರೆ ನೋಡಿ, ಆ ಸುತ್ತಿಗೆನೂ ಆಮೇಲೆ ಸಿಕ್ತು, ಅದೂ ಮ್ಯೂಸಿಯಂ ಸೇರಿದೆ! ಇನ್ನೊಂದು ಕಡೆ 2015ರಲ್ಲಿ ಲೆಮ್‌ಸ್ಟರ್ ಹತ್ತಿರ ಇಬ್ಬರಿಗೆ ವೈಕಿಂಗ್ ಕಾಲದ ನಿಧಿ ಸಿಕ್ತು, ಹೇಳ್ದೇ ಮಾರಿದ್ರು, ಸುಮಾರು 300 ನಾಣ್ಯ ಇದ್ದಿರಬೇಕು ಅಂತ ಅಂದಾಜು, ಕೇಸ್ ನಡೆಯೋ ಹೊತ್ತಿಗೆ ಕೈಗೆ ಬಂದಿದ್ದು 31. ಇಬ್ಬರೂ ಜೈಲಿಗೆ ಹೋದ್ರು, ಹೋದ ನಾಣ್ಯದಲ್ಲಿ ಬಹುಪಾಲು ವಾಪಸ್ ಬರ್ಲೇ ಇಲ್ಲ.

ಕಾನೂನು ಇಲ್ಲಿ ಸಡಿಲ ಅನ್ಸುತ್ತೆ, ಆದ್ರೆ ಇದೆ. 1996ರ ಟ್ರೆಶರ್ ಆಕ್ಟ್ ಪ್ರಕಾರ 300 ವರ್ಷ ದಾಟಿದ ಚಿನ್ನ ಬೆಳ್ಳಿ ವಸ್ತು ಸಿಕ್ಕಿದ್ರೆ 14 ದಿನದೊಳಗೆ ತಿಳಿಸ್ಬೇಕು, ಮ್ಯೂಸಿಯಂ ತಗೊಂಡ್ರೆ ಬೆಲೆ ಕಟ್ಟಿ ದುಡ್ಡು ಕೊಡ್ತಾರೆ, ಸಾಮಾನ್ಯವಾಗಿ ಹುಡುಕಿದೋರಿಗೆ ಅರ್ಧ, ಜಮೀನಿನವರಿಗೆ ಅರ್ಧ. ಜಮೀನಿನವರ ಪರ್ಮಿಷನ್ ಇಲ್ದೇ ಕಾಲಿಡೋ ಹಾಗಿಲ್ಲ, ಸಂರಕ್ಷಿತ ಸ್ಮಾರಕದ ಮೇಲೆ ಮೆಷಿನ್ ಆನ್ ಮಾಡೋದೇ ಅಪರಾಧ. ಕಡ್ಡಾಯ ಅಲ್ಲದ ಸಣ್ಣಪುಟ್ಟ ವಸ್ತುಗಳನ್ನ ನೋಂದಾಯಿಸೋಕೆ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಅಂತ ಇದೆ, ಪ್ರತಿ ಕೌಂಟಿಯಲ್ಲೂ ಅದರ ಆಫೀಸರ್ ಇರ್ತಾರೆ, ತುಂಬಾ ಒಳ್ಳೇ ಜನ, ನನ್ನ ಮೂರು ಮುರುಕು ಬಕಲ್‌ನೂ ಸೀರಿಯಸ್ ಆಗಿ ನೋಡಿದ್ರು.

ಊರಿಗೆ ಮೆಷಿನ್ ತಗೊಂಡು ಹೋಗ್ಲಾ ಅಂತ ಹೋದ ಸಲ ಒಬ್ಬರು ಕೇಳಿದ್ರಿ. ಬೇಡಿ. ಅಲ್ಲಿ ಇದು ಹವ್ಯಾಸ ಅಲ್ಲ, ಹಳೇ ಜಾಗ ಅಗೆಯೋಕೆ ಲೈಸೆನ್ಸ್ ಬೇಕು, ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಕಾಯ್ದೆ ಇದೆ, ನಿಧಿಗೆ ಕರ್ನಾಟಕದ್ದೇ 1962ರ ಕಾಯ್ದೆ ಇದೆ. ಅಲ್ಲದೇ ನಿಧಿಗಳ್ಳರು ಅಮಾವಾಸ್ಯೆ ರಾತ್ರಿ ಗರ್ಭಗುಡಿ ಅಗೆದ್ರು, ವೀರಗಲ್ಲು ಕಿತ್ತುಹಾಕಿದ್ರು ಅಂತ ಪೇಪರಲ್ಲಿ ಓದ್ತಾನೇ ಇರ್ತೀವಿ, ನೀವು ಎಷ್ಟೇ ಸಾಚಾ ಆಗಿದ್ರೂ ಕೆರೆ ಏರಿ ಮೇಲೆ ಈ ಕೋಲು ಹಿಡಿದು ನಿಂತ್ರೆ ಊರವರು ಸುಮ್ನೆ ಬಿಡ್ತಾರಾ? ಪಾಯ ತೆಗೆಯುವಾಗ ಏನಾದ್ರೂ ಕುಡಿಕೆ ಸಿಕ್ರೆ ಮಾತ್ರ ಅಲ್ಲಿಗೇ ಕೆಲಸ ನಿಲ್ಲಿಸಿ ತಹಸೀಲ್ದಾರ್‌ಗೋ ಡಿಸಿ ಆಫೀಸಿಗೋ ತಿಳಿಸಿ.

ಸರಿ, ನನ್ನ ಮಾತು ಇಷ್ಟು. ಮೇಜಿನ ಮೇಲೆ ಎರಡು ಡಬ್ಬಿ ಇಟ್ಟಿದೀನಿ, ಒಂದರಲ್ಲಿ ಸೀಸದ ಗುಂಡು, ಹಳೇ ಗುಂಡಿ, ಬಕಲ್ ಚೂರು, ಇನ್ನೊಂದರಲ್ಲಿ ಬರೀ ಕೋಕ್ ಡಬ್ಬಿ ಕಿವಿಗಳು, ಎರಡನೇದೇ ದೊಡ್ಡ ಡಬ್ಬಿ. ಮೆಷಿನ್ ಆನ್ ಇದೆ, ಮಕ್ಕಳು ಟ್ರೈ ಮಾಡಬಹುದು, ಬಳೆ ವಾಚು ತೆಗೆದಿಟ್ಟು ಬನ್ನಿ. ಪ್ರಶ್ನೆ ಇದ್ರೆ ಈಗಲೇ ಕೇಳಿ, ಊಟ ಬಡಿಸೋಕೆ ಇನ್ನೂ ಹತ್ತು ನಿಮಿಷ ಇದೆ ಅಂತಿದಾರೆ.